ಹಳೇ ಜಾವಾ ಕಾರ್ಬ್ಯುರೇಟರ್ ಸ್ಲೈಡ್: ಇಲ್ಲಿನದೋ, ಚೆಕ್‌ನದೋ? ಸಹಾಯ ಬೇಕು

ನಮಸ್ಕಾರ. ಅಪ್ಪನ ಜಾವಾ 250 ಬೈಕ್ ಇದೆ, ಮೈಸೂರು ಫ್ಯಾಕ್ಟರಿಯ 1968ರ ಮಾಡೆಲ್. ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಮಾತ್ರ ಒಂದೇ ಸಮ ಇರುತ್ತಿಲ್ಲ. ಜೆಟ್ ಕ್ಲೀನ್ ಮಾಡಿಸಿದೆ, ಗ್ಯಾಸ್ಕೆಟ್ ಬದಲಾಯಿಸಿದೆ. ಸ್ಲೈಡ್ (ಕಾರ್ಬ್ಯುರೇಟರ್ ಒಳಗೆ ಮೇಲೆ ಕೆಳಗೆ ಸರಿದು ಗಾಳಿ ಬಿಡುವ ಭಾಗ) ಸವೆದಿದೆ ಅಂದರು ಮೆಕ್ಯಾನಿಕ್. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸದು ತಂದರೆ ಅದೂ ಲೂಸ್, ಬೆರಳಲ್ಲಿ ಅಲ್ಲಾಡಿಸಿದರೆ ಟಕಟಕ ಅನ್ನುತ್ತದೆ. 1996ರಲ್ಲೇ ಫ್ಯಾಕ್ಟರಿ ಮುಚ್ಚಿದ ಮೇಲೆ ಒರಿಜಿನಲ್ ಎಲ್ಲಿಂದ ಬರಬೇಕು ಹೇಳಿ!

ಚೆಕ್ ದೇಶದ ಅಂಗಡಿಯೊಂದರಲ್ಲಿ ಜಿಕೋವ್ (ಅಲ್ಲಿನ ಕಾರ್ಬ್ಯುರೇಟರ್ ಕಂಪನಿ) ಸ್ಲೈಡ್ ಇದೆ. ಬೆಲೆ ಪರವಾಗಿಲ್ಲ, ಆದರೆ ಕೊರಿಯರ್ ಜೊತೆ ಕಸ್ಟಮ್ಸ್ ಸುಂಕ ಬೇರೆ. ಕೂರದಿದ್ದರೆ ವಾಪಸ್ ಕಳಿಸೋದು ಆಗದ ಮಾತು. ಅವರು 353 ಮಾಡೆಲ್‌ಗೆ (ಚೆಕ್‌ನ ಜಾವಾ 250) ಅಂತ ಬರೆದಿದ್ದಾರೆ, ನನ್ನ ಕಾರ್ಬ್ಯುರೇಟರ್ ಬಾಡಿ ಇಲ್ಲೇ ತಯಾರಾದದ್ದು. ಗೊಂದಲ ಇಷ್ಟೇ.

ಚೆಕ್ ಸ್ಲೈಡನ್ನು ಇಲ್ಲಿನ ಬಾಡಿಗೆ ಹಾಕಿ ಓಡಿಸಿದವರು ಯಾರಾದರೂ ಇದ್ದೀರಾ? ಹಾಗೇ ಕೂತಿತಾ, ಇಲ್ಲಾ ಉಜ್ಜಬೇಕಾಯಿತಾ?