ಒಂದು ಮೂಲೆ ತಗ್ಗಿದ ಕಾರು: ರಿಂಗ್ ತಿರುಗಿಸೋ ಮುಂಚೆ ಇದನ್ನ ಕೇಳು

ಹಾಂ ತಮ್ಮಾ, ನಿನ್ನ ಮೆಸೇಜ್ ಕೇಳಿದೆ, ಫೋಟೋನೂ ನೋಡಿದೆ. ನಾಲ್ಕೂ ಕಡೆ ಕಾಯಿಲ್‌ಓವರ್ (ರಿಂಗ್ ತಿರುಗಿಸಿ ಎತ್ತರ ಹೊಂದಿಸೋ ಸ್ಪ್ರಿಂಗ್-ಶಾಕ್ ಸೆಟ್) ಹಾಕಿಸಿ ಕಾರಿನ ಎತ್ತರ ಇಳಿಸಿದ್ದೀಯ, ಮುಂದುಗಡೆ ಎಡ ಮೂಲೆ ಬಲಕ್ಕಿಂತ 18 ಮಿಲಿಮೀಟರ್ ತಗ್ಗಿದೆ, ಆ ಮೂಲೆ ರಿಂಗ್ ಮೇಲಕ್ಕೆ ತಿರುಗಿಸಿಬಿಡ್ಲಾ ಅಂತ ಕೇಳಿದ್ದೀಯ. ನಿನ್ನ ಮೆಸೇಜ್ ಕೆಳಗೆ ಭಾವ, ಸ್ಪ್ರಿಂಗ್ ಮೇಲೊಂದು ಸ್ಪೇಸರ್, ಅಂದ್ರೆ ಎತ್ತರ ಕೊಡೋ ಬಿಲ್ಲೆ, ಕೂರಿಸಿದ್ರೆ ಮುಗೀತು ಅಂದಿದ್ದಾರೆ. ಭಾವಾ, ಬೇಜಾರು ಮಾಡ್ಕೋಬೇಡಿ, ಎರಡೂ ಈಗಲೇ ಬೇಡ. ತಗ್ಗಿರೋ ಮೂಲೆಯಲ್ಲೇ ತಪ್ಪು ಇರಬೇಕು ಅಂತೇನಿಲ್ಲ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳು, ಸ್ಪ್ಯಾನರ್ ಆಮೇಲೆ ಹಿಡಿ.

ಮೊದಲು ಆ 18 ನಿಜವಾಗ್ಲೂ 18 ಹೌದಾ ನೋಡು. ನೀನು ಅಳೆದಿರೋದು ನೆಲದಿಂದ ಫೆಂಡರ್ ಅಂಚಿಗೆ. ಹಾಗೆ ಅಳೆದ್ರೆ ಟೈರಿನ ಗಾಳಿ, ಟೈರ್ ಸವೆದಿರೋದು, ನೆಲದ ಇಳಿಜಾರು ಎಲ್ಲಾ ಆ ಲೆಕ್ಕದೊಳಗೇ ಸೇರಿಹೋಗತ್ತೆ. ಚಕ್ರದ ನಟ್ಟನಡುವೆಯಿಂದ ನೇರ ಮೇಲಕ್ಕೆ ಫೆಂಡರ್ ಅಂಚಿನ ತನಕ ಟೇಪ್ ಹಿಡಿ. ನಾಲ್ಕೂ ಕಡೆ ಗಾಳಿ ಸರಿ ಮಾಡಿ, ಡಿಕ್ಕಿ ಖಾಲಿ ಮಾಡಿ, ಸ್ಟೀರಿಂಗ್ ನೆಟ್ಟಗೆ ಇಟ್ಟು ಅಳೆದು ಬರ್ಕೋ. ಆಮೇಲೆ ಕಾರನ್ನ ಪೂರ್ತಿ ತಿರುಗಿಸಿ, ಅದೇ ಜಾಗದಲ್ಲಿ ಮುಖ ಆ ಕಡೆ ಮಾಡಿ ನಿಲ್ಲಿಸಿ ಮತ್ತೆ ಅಳಿ. ತಗ್ಗು ಎಡಕ್ಕೇ ಉಳಿದ್ರೆ ಅದು ಕಾರಿನದು, ಬಲಕ್ಕೆ ಹೋದ್ರೆ ನೆಲದ್ದು. ಫೆಂಡರನ್ನೂ ಪೂರ್ತಿ ನಂಬಬೇಡ. ಹಿಂದೆ ಯಾವಾಗಾದ್ರೂ ಟಿಂಕರಿಂಗ್ ಆಗಿದ್ರೆ ಅಂಚೇ ಕೆಲವು ಮಿಲಿಮೀಟರ್ ಆಚೀಚೆ ಇರತ್ತೆ. ಹಾಗಾಗಿ ಬಾಡಿ ಕೆಳಗೆ ಜಾಕ್ ಕೊಡೋ ಜಾಗ ನೆಲದಿಂದ ಎಷ್ಟಿದೆ ಅಂತಾನೂ ಎರಡೂ ಕಡೆ ನೋಡು. ಎಲ್ಲಾ ಆದಮೇಲೆ ಉಳಿಯೋದು 4-5 ಮಿಲಿಮೀಟರ್ ಆದ್ರೆ, ನನ್ನನ್ನ ಕೇಳಿದ್ರೆ, ಬಿಟ್ಟುಬಿಡು. ರಸ್ತೆ ಮೇಲೆ ಓಡೋ ಕಾರಿಗೆ ಅದು ದೊಡ್ಡದಲ್ಲ.

ಇನ್ನೊಂದು, ಜಾಕ್‌ನಿಂದ ಇಳಿಸಿದ ತಕ್ಷಣ ಅಳೀಬೇಡ. ಚಕ್ರ ಜೋತುಬಿದ್ದಾಗ ಒಳಕ್ಕೆ ಸರಿದಿರತ್ತೆ. ಇಳಿಸಿದಾಗ ಟೈರು ನೆಲ ಕಚ್ಚಿಕೊಂಡು ಹೊರಗೆ ಜರುಗಲ್ಲ, ಕಾರನ್ನ ಎತ್ತಿ ಹಿಡಿದಿರತ್ತೆ. ಒಂದು ಸುತ್ತು ಓಡಿಸಿಕೊಂಡು ಬಂದು ಆಮೇಲೆ ಅಳಿ.

ಈಗ ಮುಖ್ಯವಾದ್ದು. ಮೇಲಿಂದ ಸ್ಪೇಸರ್ ತುರುಕೋಕೆ ನಾನು ಯಾಕೆ ಬೇಡ ಅಂತೀನಿ ಅಂದ್ರೆ, ಸುಮಾರು ಸಲ ಸ್ಪ್ರಿಂಗಿನ ತಪ್ಪೇ ಇರಲ್ಲ, ಬುಷ್ ಬಿಗಿ ಮಾಡಿರೋ ರೀತಿ ತಪ್ಪಿರತ್ತೆ. ಚಕ್ರವನ್ನ ಬಾಡಿಗೆ ಸೇರಿಸೋ ಕೆಳಗಿನ ಲೋಯರ್ ಆರ್ಮ್ ಇದೆಯಲ್ಲ, ಅದರ ಕೀಲಿನಲ್ಲಿರೋ ರಬ್ಬರ್ ಜೋಡಣೆಯೇ ಬುಷ್. ಹೆಚ್ಚಿನ ಕಾರುಗಳಲ್ಲಿ ಅದರ ರಬ್ಬರು ಒಳಗಿನ ಲೋಹದ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿರತ್ತೆ. ಅದು ಜಾರಲ್ಲ, ತಿರುಚಿಕೊಳ್ಳತ್ತೆ. ಕಾರು ಗಾಳಿಯಲ್ಲಿದ್ದು ಚಕ್ರ ಜೋತುಬಿದ್ದಾಗಲೇ ಬೋಲ್ಟ್ ಬಿಗಿದುಬಿಟ್ರೆ, ಕೆಳಗಿಳಿಸಿದಾಗ ರಬ್ಬರು ತಿರುಚಿಕೊಂಡು ತಾನೇ ಇನ್ನೊಂದು ಸ್ಪ್ರಿಂಗ್ ಥರ ಕಾರನ್ನ ಮೇಲಕ್ಕೆ ತಳ್ಳತ್ತೆ. ಒಂದು ಕಡೆ ಹಾಗೆ, ಇನ್ನೊಂದು ಕಡೆ ಸರಿಯಾಗಿ ಬಿಗಿದಿದ್ರೆ ಎತ್ತರ ಏರುಪೇರು ಆಗದೆ ಇರತ್ತಾ? ಅಂದ್ರೆ ನಿನ್ನ ಕಾರಲ್ಲಿ ಎಡ ತಗ್ಗಿರೋದಲ್ಲ, ಬಲ ಸಿಕ್ಕಿಹಾಕಿಕೊಂಡು ಮೇಲೆ ನಿಂತಿರಬಹುದು! ಇಳಿಸಿದ ಕಾರಲ್ಲಿ ಈ ತಿರುಚು ಇನ್ನೂ ಜಾಸ್ತಿ, ರಬ್ಬರೂ ಬೇಗ ಹರಿದುಹೋಗತ್ತೆ. ಮಾಡಬೇಕಾದ್ದು ಇಷ್ಟೇ: ಕಾರಿನ ಭಾರ ಪೂರ್ತಿ ಚಕ್ರದ ಮೇಲಿದ್ದಾಗ, ರ‍್ಯಾಂಪ್ ಮೇಲೋ ಪಿಟ್‌ನಲ್ಲೋ ನಿಲ್ಲಿಸಿ, ಮುಂದೆ ಹಿಂದೆ ಎರಡೂ ಕಡೆ ಬುಷ್ ಬೋಲ್ಟ್ ಸಡಿಲ ಮಾಡಿ, ಕಾರನ್ನ ನಾಲ್ಕು ಸಲ ಒತ್ತಿ ಕುಣಿಸಿ, ಅದು ಕೂತ ಜಾಗದಲ್ಲೇ ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿಸು. ಇದನ್ನ ಮಾಡದೆ ರಿಂಗ್ ತಿರುಗಿಸಿದ್ರೆ ಸುಳ್ಳು ಎತ್ತರಕ್ಕೆ ಸೆಟ್ಟಿಂಗ್ ಮಾಡಿದ ಹಾಗೆ. ದಿನ ಕಳೆದಂತೆ ಬುಷ್ ಸಡಿಲ ಆಗತ್ತೆ, ಕಾರು ಮತ್ತೆ ವಾಲತ್ತೆ.

ಸ್ಟೆಬಿಲೈಸರ್ ಬಾರ್ ಲಿಂಕನ್ನೂ ಎರಡೂ ಕಡೆ ಬಿಚ್ಚಿಟ್ಟು ಅಳಿ. ಆ ಬಾರ್ ಅಂದ್ರೆ ತಿರುವಿನಲ್ಲಿ ಕಾರು ವಾಲೋದನ್ನ ಕಮ್ಮಿ ಮಾಡೋಕೆ ಎಡ-ಬಲ ಚಕ್ರಗಳನ್ನ ಜೋಡಿಸಿರೋ ಸರಳು, ಒಂದು ಕಡೆಯ ಒತ್ತಡ ಇನ್ನೊಂದು ಕಡೆಗೆ ಸಾಗಿಸೋಕೇ ಇರೋದು. ಎತ್ತರ ಎಲ್ಲಾ ಸರಿಯಾದಮೇಲೆ ವಾಪಸ್ ಹಾಕುವಾಗ ಲಿಂಕ್ ತಾನಾಗಿ ತೂತಿಗೆ ಕೂರಬೇಕು, ಎಳೆದು ಕೂರಿಸಬಾರದು.

ಆಮೇಲೆ ಕರ್ಣದ ವಿಷಯ, ಅಂದ್ರೆ ಒಂದು ಮೂಲೆಯಿಂದ ಓರೆಯಾಗಿ ಎದುರು ಮೂಲೆಗೆ ಇರೋ ಜೋಡಿ. ನಾಲ್ಕು ಕಾಲಿನ ಮೇಜು ಕುಂಟಿದಾಗ ಕರ್ಣದ ಎರಡು ಕಾಲು ಭಾರ ಹೊರತ್ತೆ ನೋಡು, ಕಾರೂ ಹಾಗೇ. ಹಿಂದೆ ಬಲ ಮೂಲೆ ಎತ್ತರ ಮಾಡಿಟ್ಟಿದ್ರೆ ಭಾರ ಬಂದು ಮುಂದೆ ಎಡ ಮೂಲೆ ಮೇಲೆ ಬೀಳತ್ತೆ, ಅದು ತಗ್ಗತ್ತೆ. ನೀನು ಆ ಎಡ ರಿಂಗ್ ಏರಿಸಿದ್ರೆ ಎತ್ತರ ಸ್ವಲ್ಪ ಬರತ್ತೆ, ಆದ್ರೆ ಆ ಕರ್ಣಕ್ಕೆ ಭಾರ ಇನ್ನೂ ಏರತ್ತೆ. ನೋಡೋಕೆ ಮಟ್ಟ, ಮಳೆಯಲ್ಲಿ ಬ್ರೇಕ್ ಹೊಡೆದಾಗ ಒಂದು ಕಡೆಗೆ ಎಳೆಯೋ ಕಾರು. ನನಗೆ ನಿಜವಾಗಿ ಹೆದರಿಕೆ ಇರೋದು ಅದಕ್ಕೇ. ಹಾಗಾಗಿ ಹಿಂದಿನ ಎರಡೂ ಮೂಲೆ ಮೊದಲು ನೋಡು. ನಾಲ್ಕು ಚಕ್ರದ ಕೆಳಗೆ ತೂಕದ ಪ್ಯಾಡ್ ಇಡೋ ಜಾಗ ಸಿಕ್ಕರೆ ಇನ್ನೂ ಒಳ್ಳೇದು. ಎರಡು ಕರ್ಣದ ತೂಕ ಅರ್ಧರ್ಧ, ಅಂದ್ರೆ ಶೇಕಡ 50ರ ಹತ್ತಿರ ಇರಬೇಕು, ಅದೂ ಡ್ರೈವರ್ ಸೀಟಲ್ಲಿ ನಿನ್ನಷ್ಟೇ ತೂಕ ಇಟ್ಟು.

ಸ್ಪ್ರಿಂಗ್ ತುದಿ ತನ್ನ ಕಟ್ಟೆಗೆ ಸರಿಯಾಗಿ ಕೂತಿದೆಯಾ, ರಬ್ಬರ್ ಪ್ಯಾಡ್ ಮಡಚಿದೆಯಾ, ಎರಡೂ ಕಡೆ ಸ್ಪ್ರಿಂಗ್ ನಂಬರ್ ಒಂದೇನಾ, ಕೆಳಗಿನ ಸುತ್ತು ಮುರಿದಿದೆಯಾ, ಟಾರ್ಚ್ ಹಾಕಿ ನೋಡು. ಮುರಿದಿದ್ರೆ ಜೋಡಿಯಾಗಿ ಬದಲಾಯಿಸು. ಗ್ಯಾಸ್ ಕಟರ್‌ನಲ್ಲಿ ಎತ್ತರದ ಕಡೆ ಸ್ಪ್ರಿಂಗ್ ಕತ್ತರಿಸಿ ಸಮ ಮಾಡ್ತೀವಿ ಅನ್ನೋರು ಸಿಕ್ಕರೆ ದಯವಿಟ್ಟು ಕಾರು ವಾಪಸ್ ತಗೊಂಡು ಬಾ. ಆ ಬಿಸಿಗೆ ಉಕ್ಕಿನ ಹದ ಹೋಗತ್ತೆ.

ಇಷ್ಟೆಲ್ಲಾ ಆದಮೇಲೂ ವ್ಯತ್ಯಾಸ ಉಳಿದ್ರೆ ಆಗ ರಿಂಗ್ ಮುಟ್ಟು. ಕಾರು ಎತ್ತಿ ಸ್ಟ್ಯಾಂಡ್ ಕೊಟ್ಟು, ಬರೀ ಜಾಕ್ ಮೇಲೆ ಬೇಡ, ಥ್ರೆಡ್ಡನ್ನ ಬ್ರಶ್‌ನಲ್ಲಿ ಉಜ್ಜಿ ತಿರುಗಿಸು. ಮೊದಲು ಎರಡೂ ಕಡೆ ರಿಂಗ್ ಒಂದೇ ಮಟ್ಟಕ್ಕೆ ತಂದು ಅಲ್ಲಿಂದ ಶುರು ಮಾಡು. ರಿಂಗ್ 5 ಮಿಲಿಮೀಟರ್ ಏರಿಸಿದ್ರೆ ಕಾರೂ 5 ಏರತ್ತೆ ಅಂದ್ಕೋಬೇಡ. ಸ್ಟ್ರಟ್, ಅಂದ್ರೆ ಸ್ಪ್ರಿಂಗ್-ಶಾಕ್ ಒಂದೇ ಕಂಬವಾಗಿ ಚಕ್ರದ ಪಕ್ಕದಲ್ಲೇ ನಿಂತಿರೋ ಕಡೆ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಸ್ಪ್ರಿಂಗ್ ಆರ್ಮಿನ ನಡುವೆ ಕೂತಿರೋ ಕಡೆ ಅದಕ್ಕಿಂತ ಜಾಸ್ತಿ ಏರತ್ತೆ. ಕೆಳಗಿನ ಬ್ರಾಕೆಟ್ಟೇ ತಿರುಗೋ ಮಾದರಿ ಆದ್ರೆ ಸ್ಪ್ರಿಂಗ್ ರಿಂಗ್ ಮುಟ್ಟಲೇಬೇಡ, ಬ್ರಾಕೆಟ್ಟಲ್ಲೇ ಎತ್ತರ ಹಿಡಿ. ಲಾಕ್ ರಿಂಗ್ ಬಿಗಿ ಮಾಡು. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸು, ಹೆಡ್‌ಲೈಟ್ ಎತ್ತರವನ್ನೂ ಸರಿ ಮಾಡಿಸು.

ಅತ್ತೆ ಕೇಳಿದ್ರಲ್ಲ, ಅಲ್ಲೀತನಕ ಓಡಿಸಬಹುದಾ ಅಂತ. ಸ್ಪ್ರಿಂಗ್ ಮುರಿದಿಲ್ಲ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಎಲ್ಲೂ ಉಜ್ಜಲ್ಲ ಅಂತ ಖಾತ್ರಿ ಆದ್ರೆ ನಿಧಾನಕ್ಕೆ ಓಡಿಸಲಿ ಅತ್ತೆ. ಸ್ಪ್ರಿಂಗ್ ಮುರಿದಿದ್ರೂ, ಟೈರ್ ಉಜ್ಜುತ್ತಿದ್ರೂ ಗಾಡಿ ತೆಗೆಯೋದು ಬೇಡ. ತಮ್ಮಾ, ನಾಲ್ಕೂ ಮೂಲೆ ಅಳತೆ, ಕಾರು ತಿರುಗಿಸಿ ಅಳೆದಿದ್ದು, ನಾಲ್ಕು ರಿಂಗ್ ಇರೋ ಮಟ್ಟದ ಫೋಟೋ, ಮೂರೂ ಇಲ್ಲೇ ಹಾಕು. ನೋಡಿ ಮುಂದಿಂದು ಹೇಳ್ತೀನಿ.