ನಾಟಕ ಯಾವಾಗ ಸುಬ್ಬು?

"ಬಿಡುಗಡೆ! ಬಿಡುಗಡೆ!" ಎಂದು ಕೂಗಿಕೊಂಡೇ ಸುಬ್ಬು ಹೋಟೆಲಿನ ಒಳಗೆ ಬಂದ.

"ಯಾರಿಗಪ್ಪಾ? ಜಾಮೀನು ಸಿಕ್ತಾ?" ಎಂದ ನಾಣಿ, ಪೇಪರಿನಿಂದ ತಲೆ ಎತ್ತದೆ.

"ನಮ್ಮ ನಾಟಕದ ಪೋಸ್ಟರಿಗೆ ಕಣೋ. ಬರೋ ಭಾನುವಾರ ಪೋಸ್ಟರ್ ಬಿಡುಗಡೆ ಸಮಾರಂಭ. ಎಲ್ಲರೂ ಬರಬೇಕು."

"ಪೋಸ್ಟರ್ ಏನು ತಪ್ಪು ಮಾಡಿತ್ತು ಅಂತ ಒಳಗೆ ಹಾಕಿದ್ರಿ?"

ಮುಂಬಯಿಯ ಮಾಟುಂಗಾದ ನಮ್ಮ ಮಾಮೂಲಿ ಮೂಲೆ ಮೇಜು. ಹೊರಗೆ ಹೂವಿನವರ ಕೂಗು, ಬಾಗಿಲಲ್ಲಿ ಇಡ್ಲಿಗೆ ಕಾಯುವವರ ಸಾಲು. ಶೆಟ್ರು ಜೊತೆಗಿದ್ದರೆ ನಾವು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಅವರು ಸ್ವಂತ ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು ಹತ್ತು ವರ್ಷವಾಯಿತು. ಭಾನುವಾರದ ತಿಂಡಿಗೆ ಮಾತ್ರ ಇನ್ನೊಬ್ಬರ ಹೋಟೆಲಿಗೇ ಬರುತ್ತಾರೆ. ಮಗನ ಸಾಂಬಾರಿನ ಮೇಲೆ ಅಷ್ಟು ನಂಬಿಕೆ.

ಸುಬ್ಬು ಫೋನು ತೆಗೆದು ಮೇಜಿನ ಮೇಲಿಟ್ಟ. ಕಪ್ಪು ಬಣ್ಣದಲ್ಲಿ ಅರ್ಧ ಮುಖ, ಒಂದು ಕಣ್ಣು, ಒಂದು ಕತ್ತಿ. ಕೆಳಗೆ ಕೆಂಪು ಅಕ್ಷರದಲ್ಲಿ 'ಶೀಘ್ರದಲ್ಲೇ ನಿಮ್ಮ ಮುಂದೆ'.

"ಇದನ್ನೇ ತಾನೆ ಬಿಡುಗಡೆ ಮಾಡೋದು? ನೋಡಿ ಆಯ್ತಲ್ಲ," ಎಂದಳು ವಿಶಾಲೂ.

"ಅಯ್ಯೋ, ಇದು ಪೋಸ್ಟರ್ ಅಲ್ಲ ಅತ್ತಿಗೆ. ಪೋಸ್ಟರ್ ಬಿಡುಗಡೆ ಆಗುತ್ತೆ ಅಂತ ಹೇಳೋ ಪೋಸ್ಟರು."

"ಇದನ್ನ ಯಾರು ಬಿಡುಗಡೆ ಮಾಡಿದ್ರು?" ನಾಣಿ ಕೇಳಿದ.

"ಇದು ಸುಮ್ನೆ ವಾಟ್ಸಾಪಲ್ಲಿ ಹಾಕಿದ್ದು."

"ಪಾಪ. ದಿಕ್ಕಿಲ್ಲದ ಪೋಸ್ಟರು."

ಸುಬ್ಬುವಿಗೆ ಇಂಥ ಮಾತು ಚುಚ್ಚುವುದಿಲ್ಲ. ಅವನು ಬೆರಳು ಮಡಚುತ್ತಾ ಹೋದ. ದಸರೆಗೆ ನಾಟಕದ ಹೆಸರು ಬಿಡುಗಡೆ ಆಯಿತು. ದೀಪಾವಳಿಗೆ ನಾಯಕನ ಫಸ್ಟ್ ಲುಕ್ ಆಯಿತು. ಈಗ ಪೋಸ್ಟರು. ಆಮೇಲೆ ಟೀಸರು, ಅದಾದ ಮೇಲೆ ರಂಗಗೀತೆಯ ವಿಡಿಯೋ, ಕೊನೆಗೆ ಟ್ರೈಲರು. ಬೆರಳು ಮುಗಿದವು.

"ನಾಟಕ ಯಾವಾಗ ಸುಬ್ಬು?"

"ಅದು... ಹಾಲ್ ಸಿಗಬೇಕು."

"ತಾಲೀಮು ಎಷ್ಟಾಯ್ತು?"

"ಎರಡು. ಒಂದಕ್ಕೆ ನಾಯಕ ಬರಲಿಲ್ಲ. ಇನ್ನೊಂದಕ್ಕೆ ನಾಯಕ ಒಬ್ಬನೇ ಬಂದಿದ್ದ."

"ಪಾತ್ರ ಎಷ್ಟಿವೆ?"

"ಒಂಬತ್ತು."

"ಭಾನುವಾರಕ್ಕೆ ಶಾಲು ಎಷ್ಟು ತರಿಸಿದ್ದೀರಿ?"

ಸುಬ್ಬು ಚಟ್ನಿಯ ಕಡೆ ನೋಡಿದ. "ಹದಿನಾಲ್ಕು."

"ಹಾಗಾದ್ರೆ ನಾಟಕ ಬಿಡಿ, ಶಾಲನ್ನೇ ರಂಗದ ಮೇಲೆ ತನ್ನಿ. ಅದೇ ತುಂಬಿದ ತಂಡ."

ಕುಲಕರ್ಣಿಗೆ ಸುಬ್ಬುವಿನ ಮೇಲೆ ಕನಿಕರ ಬಂತು. "ಪ್ರಚಾರ ಬ್ಯಾಡೇನ್ರೀ ನಾಣಿ? ನಮ್ಮ ಕಡೆ ಕಂಪನಿ ನಾಟಕ ಬಂದಾಗ ಗಾಡಿ ಹೂಡಿ, ಡೊಳ್ಳು ಬಡಕೋತ ಓಣಿ ಓಣಿ ತಿರುಗಿ ಹ್ಯಾಂಡ್‌ಬಿಲ್ ತೂರತಿದ್ರು. ನಾವು ಚೊಣ್ಣ ಹಿಡಕೊಂಡು ಹಿಂದ ಓಡತಿದ್ವಿ. ಅದೂ ಟೀಸರ್ರೇ ಆತಲ್ಲ?"

"ಸರಿ. ಗಾಡಿ ಬಂದ ದಿನ ರಾತ್ರಿ ಏನಾಗ್ತಿತ್ತು?"

"ನಾಟಕ."

"ಅಷ್ಟೇ ನಾನು ಹೇಳೋದು. ನಿಮ್ಮದರಲ್ಲಿ ಬೆಳಿಗ್ಗೆ ಗಾಡಿ, ರಾತ್ರಿ ನಾಟಕ. ಇವನದರಲ್ಲಿ ಇವತ್ತು ಗಾಡಿ, ಮುಂದಿನ ತಿಂಗಳು ಎತ್ತಿನ ಫಸ್ಟ್ ಲುಕ್."

ಹೀಗೆ ಹೇಳಿ ನಾಣಿ ಕೈಯಲ್ಲಿದ್ದ ಮರಾಠಿ ಪೇಪರನ್ನು ಮಡಚಿ ಮೇಜಿನ ಮಧ್ಯೆ ಇಟ್ಟ. ಭಾನುವಾರದ ನಾಟಕದ ಜಾಹೀರಾತಿನ ಪುಟ. ಗೊತ್ತಿಲ್ಲದವರಿಗೆ ಅದು ಅಂಚೆ ಚೀಟಿ ಅಂಟಿಸಿದ ಆಲ್ಬಮ್ ಹಾಗೆ ಕಾಣುತ್ತದೆ. ಪುಟ್ಟ ಪುಟ್ಟ ಚೌಕ. ಒಂದೊಂದರಲ್ಲಿ ನಾಟಕದ ಹೆಸರು, ನಟರ ಹೆಸರು, ನಾಟ್ಯಗೃಹ, ಹೊತ್ತು. ಶಿವಾಜಿ ಮಂದಿರ ಅಂದರೆ ದಾದರ್. ದೀನಾನಾಥ ಅಂದರೆ ಪಾರ್ಲೆ. ಗಡ್ಕರಿ ಅಂದರೆ ಠಾಣೆ. ಕಾಳಿದಾಸ ಅಂದರೆ ಮುಲುಂಡ್. ಸಾವಿತ್ರಿಬಾಯಿ ಫುಲೆ ಅಂದರೆ ಡೊಂಬಿವಲಿ. ಊರಿನ ಹೆಸರು ಹಾಕದಿದ್ದರೂ ನಡೆಯುತ್ತದೆ. ನಾಟಕ ನೋಡುವವನಿಗೆ ಮುಂಬಯಿಯ ಭೂಪಟ ಎಂದರೆ ಇದೇ.

"ಓದು ಸುಬ್ಬು, ಜೋರಾಗಿ ಓದು. ಮಧ್ಯಾಹ್ನ ದಾದರ್, ರಾತ್ರಿ ಠಾಣೆ. ಅದೇ ನಾಟಕ, ಅದೇ ನಟರು. ಮಧ್ಯಾಹ್ನದ ಪರದೆ ಬಿದ್ದ ಕೂಡಲೇ ಸೆಟ್ ಬಿಚ್ಚಿ, ಸೋಫಾ ಬಾಗಿಲು ಕಿಟಕಿ ಎಲ್ಲ ಗಾಡಿಗೆ ಹೇರಿಕೊಂಡು ಹೊರಟ್ರು. ಇದರಲ್ಲಿ ಎಲ್ಲಾದ್ರೂ 'ಬರಲಿದೆ' ಅಂತ ಇದೆಯಾ? 'ಇವತ್ತು' ಅಂತ ಇದೆ."

"ಅವರೂ ಟೀಸರ್ ಬಿಡ್ತಾರೆ," ಎಂದ ಸುಬ್ಬು.

"ಬಿಡ್ತಾರೆ, ಇಲ್ಲ ಅನ್ನಲ್ಲ. ಆ ರೋಗ ಅಲ್ಲಿಗೂ ಹೋಗಿದೆ. ಇನ್ನೊಂದು ರೋಗವೂ ಇದೆ. ಹಳೇ ನಾಟಕ ಎತ್ತಿಕೊಂಡು 'ಮತ್ತೆ ರಂಗದ ಮೇಲೆ, ಕೆಲವೇ ಪ್ರಯೋಗಗಳು' ಅಂತ ಹಾಕ್ತಾರೆ. ಸೀರೆ ಅಂಗಡಿ ಮುಚ್ಚೋ ಸೇಲ್ ಹಾಗೆ, ಆ ಕೆಲವು ಮುಗಿಯೋದೇ ಇಲ್ಲ. ಆದ್ರೂ ಟೀಸರ್ ಹಿಂದೆ ಒಂದು ಲಾರಿ ನಾಟಕ ಇರುತ್ತೆ. ನಿನ್ನ ಟೀಸರ್ ಹಿಂದೆ ಏನಿದೆ? ಇನ್ನೊಂದು ಟೀಸರ್."

"ಅವರದು ವ್ಯಾಪಾರಿ ರಂಗಭೂಮಿ. ನಮ್ಮದು ಹವ್ಯಾಸಿ."

"ಯಾವ ಹವ್ಯಾಸ ಅಂತ ಹೇಳಬೇಕಲ್ಲಪ್ಪ. ಪೋಸ್ಟರ್ ಮಾಡೋದೂ ಹವ್ಯಾಸವೇ." ನಾಣಿ ಕಾಫಿ ಒಂದು ಗುಟುಕು ಕುಡಿದ. "ಇಲ್ಲೇ ಷಣ್ಮುಖಾನಂದ ಹಾಲ್‌ನಲ್ಲಿ 2022ರಲ್ಲಿ ಮರಾಠಿ ನಟ ಪ್ರಶಾಂತ ದಾಮ್ಲೆ ತಮ್ಮ 12,500ನೇ ಪ್ರಯೋಗ ಮಾಡಿದರು. ದಿನಕ್ಕೊಂದು ಅಂದ್ರೂ ಮೂವತ್ತನಾಲ್ಕು ವರ್ಷದ ಲೆಕ್ಕ. ನಿಮ್ಮ ತಂಡ ವರ್ಷಕ್ಕೊಂದು. ಅಲ್ಲಿಗೆ ಮುಟ್ಟೋದು ಕ್ರಿಸ್ತಶಕ 14,500ರ ಸುಮಾರಿಗೆ. ಆಗಲೂ ಹಾಲ್ ಸಿಗಬೇಕು."

ಇಷ್ಟು ಹೊತ್ತು ಕುಲಕರ್ಣಿಯ ಒಳಗೆ ಏನೋ ಕುದಿಯುತ್ತಿತ್ತು. ಮರಾಠಿ ನಾಟಕವನ್ನು ಮೂರು ನಿಮಿಷಕ್ಕಿಂತ ಜಾಸ್ತಿ ಹೊಗಳಿದರೆ ಅವರಿಗೆ ಹೀಗಾಗುತ್ತದೆ.

"ಹಾರಾಡಬ್ಯಾಡ್ರಿ ನಾಣಿ. ಆ ಬೆಳಿಗೆ ಬೀಜ ಹಾಕಿದವರು ನಾವು. ಹೊನ್ನಾವರದ ಕಡೆ ಕರ್ಕಿ ಅಂತ ಊರದ. ಅಲ್ಲಿ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನ ನೋಡಿ ರಾಜಾಸಾಹೇಬರು, ಮರಾಠ್ಯಾಗ ನೀನೂ ಇಂಥಾದ್ದು ಮಾಡು ಅಂತ ವಿಷ್ಣುದಾಸ ಭಾವೆಗೆ ಹೇಳಿದ್ರು. 1843ರಾಗ 'ಸೀತಾ ಸ್ವಯಂವರ' ಆತು. ನವೆಂಬರ್ 5 ಅವರ ರಂಗಭೂಮಿ ದಿನ ಅಲ್ಲೇನು? ಅದರ ಮೂಲ ಎಲ್ಲಿ? ಕರ್ಕಿ! ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಎಲ್ಲಿ? ನಮ್ಮ ಗುರ್ಲಹೊಸೂರು! 1880ರಾಗ ಪುಣೆದಾಗ ಶಾಕುಂತಲ ಆಡಿಸಿದ. ಮರಾಠಿ ರಂಗದ ಮ್ಯಾಲ ಹಾಡಿದ ಸವಾಯಿ ಗಂಧರ್ವರು ಎಲ್ಲಿಯವರು?"

"ಕುಂದಗೋಳ," ಎಂದೆವು ಎಲ್ಲರೂ. ಈ ಪ್ರಶ್ನೆ ತಿಂಗಳಿಗೊಮ್ಮೆ ಬರುತ್ತದೆ.

"ಎಲ್ಲ ಸರಿ ಕುಲಕರ್ಣಿಯವರೇ," ನಾಣಿ ಮೆತ್ತಗೆ ಹೇಳಿದ. "ನಾವು ಹೆಪ್ಪು ಕೊಟ್ವಿ, ಅವರು ಮಜ್ಜಿಗೆ ಕಡೆದು ಬೆಣ್ಣೆ ತೆಗೆದು ಮಾರಿದ್ರು. ನೂರೆಂಬತ್ತು ವರ್ಷದಿಂದ ನಾವು ಹೆಪ್ಪಿನ ಬಟ್ಟಲು ತೋರಿಸ್ತಾ ಕೂತಿದ್ದೀವಿ. ಅದಿರಲಿ, ಒಂದು ನೋಡಿ. ರಾಜರು ಮಾಡು ಅಂದ್ರು, ಭಾವೆ ಮಾಡಿದ್ರು. ಆ ಜಾಗದಲ್ಲಿ ನಮ್ಮ ಸುಬ್ಬು ಇದ್ದಿದ್ರೆ? ಮೊದಲು ಸೀತೆಯ ಫಸ್ಟ್ ಲುಕ್. ಆಮೇಲೆ ಬಿಲ್ಲಿನ ಟೀಸರ್. ಬಿಲ್ಲು ಮುರಿಯೋ ಸದ್ದಿನ ಆಡಿಯೋ ಬಿಡುಗಡೆ, ಅದಕ್ಕೆ ಜನಕ ಮಹಾರಾಜರು ಮುಖ್ಯ ಅತಿಥಿ. ಸ್ವಯಂವರ ಮಾತ್ರ ಹಾಲ್ ಸಿಕ್ಕ ಮೇಲೆ."

ವಿಶಾಲೂ ಹೂವಿನ ಪೊಟ್ಟಣವನ್ನು ಚೀಲದೊಳಗೆ ಸರಿಮಾಡಿಕೊಂಡಳು. "ಟಿಕೆಟ್ ಎಷ್ಟು ಇಟ್ಟಿದ್ದೀರಿ ಸುಬ್ಬಣ್ಣ?"

"ಛೆ ಛೆ, ಟಿಕೆಟ್ ಎಲ್ಲ ಇಲ್ಲ ಅತ್ತಿಗೆ. ಪ್ರವೇಶ ಉಚಿತ."

"ಅದಕ್ಕೇ. ದುಡ್ಡು ಕೊಟ್ಟವರು ಬಂದು ಗಲಾಟೆ ಮಾಡ್ತಾರೆ ಅನ್ನೋ ಭಯ ಇದ್ದಿದ್ರೆ ತಾಲೀಮು ತಾನಾಗಿ ಆಗ್ತಿತ್ತು."

ನಾಣಿ ಹೆಂಡತಿಯನ್ನು ಮೆಚ್ಚುಗೆಯಿಂದ ನೋಡಿದ. ತನಗೆ ಹೊಳೆಯಲಿಲ್ಲವಲ್ಲ ಎಂಬ ಬೇಜಾರೂ ಅದರಲ್ಲಿ ಸ್ವಲ್ಪ ಇತ್ತು.

"ಮದುವೆ ಆದ ಹೊಸದರಲ್ಲಿ ಶಿವಾಜಿ ಮಂದಿರಕ್ಕೆ ಕರಕೊಂಡು ಹೋಗಿದ್ರು," ವಿಶಾಲೂ ನನ್ನ ಕಡೆ ತಿರುಗಿದಳು. "ನನಗೆ ಮರಾಠಿ ಒಂದಕ್ಷರ ಬರ್ತಿರಲಿಲ್ಲ. ಟಿಕೆಟ್ ಕಿಟಕಿಯವನು ಹಾಲಿನ ನಕ್ಷೆ ಹರಡಿಕೊಂಡು ಕೂತಿದ್ದ. ಎಲ್ಲಿ ಬೇಕು ಅಂತ ಕೇಳಿ ನಮ್ಮ ಎರಡು ಚೌಕಕ್ಕೆ ಕೆಂಪು ಪೆನ್ಸಿಲಲ್ಲಿ ಗೀಟು ಹಾಕಿದ. ಮುಂಬಯಿಯಲ್ಲಿ ನಮಗೆ ಅಂತ ಸಿಕ್ಕ ಮೊದಲ ಜಾಗ ಅದೇ. ಎರಡೂವರೆ ಗಂಟೆಯ ಮಟ್ಟಿಗೆ."

"ಮನೆ ಸಿಕ್ಕಿರಲಿಲ್ಲ ಆಗ," ಎಂದ ನಾಣಿ. ಅದಕ್ಕೆ ಜೋಕು ಸೇರಿಸಲಿಲ್ಲ. "ಮಧ್ಯಂತರದ ಬಟಾಟೆ ವಡೆ ನೆನಪಿದೆಯಾ?"

"ಒಂದನ್ನೇ ಇಬ್ಬರು ತಿಂದಿದ್ದು ನೆನಪಿದೆ."

ಇಡ್ಲಿ ಮುಗಿಸಿ ಬೆರಳು ಒರೆಸಿಕೊಳ್ಳುತ್ತಿದ್ದ ಶೆಟ್ರು ಇದ್ದಕ್ಕಿದ್ದಂತೆ ನಕ್ಕರು. "ನಾನೂ ನಾಟಕ ಮಾಡಿದ್ದುಂಟು ಮಾರಾಯ್ರೆ."

ಮೂವತ್ತು ವರ್ಷದ ಸ್ನೇಹ. ಈ ವಿಷಯ ನಮಗೆ ಗೊತ್ತಿರಲಿಲ್ಲ.

"ಅರವತ್ತನಾಲ್ಕನೇ ಇಸವಿ. ನಾನು ಊರು ಬಿಟ್ಟು ಬಂದ ಹೊಸತು. ಫೋರ್ಟಿನಲ್ಲಿ ಹೋಟೆಲು, ಹಗಲಿಗೆ ಕಪ್ಪು ಬಸಿ ತೊಳೆಯುದು, ರಾತ್ರಿ ಕನ್ನಡ ಶಾಲೆ. ಶಾಲೆ ವಾರ್ಷಿಕೋತ್ಸವಕ್ಕೆ ನಳ ದಮಯಂತಿ ನಾಟಕ. ಮೀಸೆ ಬಾರದವ ನಾನೊಬ್ಬ. ಹಾಗಾಗಿ ದಮಯಂತಿ."

"ಪೋಸ್ಟರು?" ಸುಬ್ಬು ಆಸೆಯಿಂದ ಕೇಳಿದ.

"ಎಂತ ಪೋಸ್ಟರು? ಆಫೀಸಿಗೆ ಚಾ ಕೊಡ್ಲಿಕ್ಕೆ ಹೋಗುವ ಹುಡುಗ ದಾರಿಯಲ್ಲಿ ಸಿಕ್ಕಿದ ಇನ್ನೊಂದು ಹೋಟೆಲಿನ ಹುಡುಗನಿಗೆ ಹೇಳುದು. ಅವ ಮತ್ತೊಬ್ಬನಿಗೆ. ಸಂಜೆಯೊಳಗೆ ದಾದರ್‌ವರೆಗೆ ಗೊತ್ತು. ಹೋಟೆಲು ಬಂದ್ ಆಗುದು ಹತ್ತೂವರೆಗೆ, ನಾಟಕ ಶುರು ಹನ್ನೊಂದಕ್ಕೆ. ಜಾಗ ಇರ್ಲಿಲ್ಲ, ಕಿಟಕಿಯಲ್ಲಿ ಸಹ ಜನ."

"ಸೀರೆ ಯಾರದ್ದು?" ವಿಶಾಲೂ.

"ಅದೇ ಕಷ್ಟ. ಎಲ್ಲರ ಮನೆಯವರೂ ಊರಲ್ಲಿ. ಕೊನೆಗೆ ಮೇಲಿನ ಚಾಳಿನ ಒಬ್ಬರು ಮರಾಠಿ ಅಜ್ಜಿ ಕೊಟ್ರು. ಒಂಬತ್ತು ಗಜದ್ದು. ಬೇರೆ ಥರ ಉಡ್ಲಿಕ್ಕೆ ಅವರಿಗೆ ಗೊತ್ತಿಲ್ಲ, ನಮಗಂತೂ ಗೊತ್ತೇ ಇಲ್ಲ. ದಮಯಂತಿ ಕಚ್ಚೆ ಹಾಕಿಕೊಂಡೇ ಕಾಡಿಗೆ ಹೋದದ್ದು."

ಕುಲಕರ್ಣಿ ಕಾಫಿ ನೆತ್ತಿಗೇರಿಸಿಕೊಂಡರು. ಶೆಟ್ರು ಕಾದು, ಮುಂದುವರಿಸಿದರು.

"ಕಾಡಿನ ಸೀನು. ದಮಯಂತಿ ಮಲಗಿದ್ದಾಳೆ, ನಳ ಅರ್ಧ ಸೀರೆ ಹರಿದುಕೊಂಡು ಬಿಟ್ಟು ಹೋಗ್ತಾನೆ. ಸೀರೆ ಹರಿಯುವಂತಿಲ್ಲ, ಅಜ್ಜಿಗೆ ವಾಪಸು ಕೊಡ್ಲಿಕ್ಕುಂಟು. ಸುಮ್ನೆ ಹರಿದ ಹಾಗೆ ಮಾಡಿ ಅವ ಹೋದ. ಆಮೇಲೆ ನಾನು ಎದ್ದು 'ಪ್ರಾಣನಾಥಾ' ಅಂತ ಅಳಬೇಕು. ನನಗೆ ನಿದ್ರೆ ಬಂದುಬಿಟ್ಟಿತು ಮಾರಾಯ್ರೆ. ನಿಜವಾದ ನಿದ್ರೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದದ್ದಲ್ವಾ. ಹನ್ನೆರಡು ದಾಟಿತ್ತು. ಚಾಪೆ ಬೇರೆ ಹಾಕಿದ್ರು."

"ಜನ ಕೂಗಲಿಲ್ವಾ?" ಕೇಳಿದೆ.

"ಇಲ್ಲ. ಅದನ್ನೇ ಆಮೇಲೆ ಹೇಳಿದ್ರು ನನಗೆ. ಒಬ್ಬನೂ ಶಿಳ್ಳೆ ಹೊಡೀಲಿಲ್ಲ. ಎಲ್ಲ ಹೋಟೆಲಿನ ಹುಡುಗರೇ ಅಲ್ವಾ, ಎಲ್ಲರೂ ನಾಲ್ಕಕ್ಕೆ ಎದ್ದವರೇ. ಹಾರ್ಮೋನಿಯಂನವರು ಸಣ್ಣಕ್ಕೆ ಬಾರಿಸ್ತಾ ಇದ್ರಂತೆ. ಮುಂದಿನ ಸಾಲಲ್ಲಿ ಯಾರೋ ಹೇಳಿದ್ರಂತೆ, 'ಮಲಗಲಿ ಬಿಡಿ, ಸಣ್ಣವ' ಅಂತ."

ಮೇಜಿನಲ್ಲಿ ಯಾರೂ ಮಾತಾಡಲಿಲ್ಲ. ಮಾಣಿ ಬಂದು ತಟ್ಟೆ ಎತ್ತಿಕೊಂಡು ಹೋದ. ಹದಿನೆಂಟೋ ಹತ್ತೊಂಬತ್ತೋ, ಹಿಂದಿ ಮಾತಾಡುವ ಹುಡುಗ. ಶೆಟ್ರು ಅವನನ್ನೇ ಅಡುಗೆಮನೆ ಬಾಗಿಲವರೆಗೂ ನೋಡಿದರು.

"ಆಮೇಲೆ?" ಎಂದ ಸುಬ್ಬು.

"ಆಮೇಲೆಂತ? ನಳ ಪಾಪ ಎಷ್ಟು ಹೊತ್ತು ಕಾಯ್ತಾನೆ? ವಾಪಸು ಬಂದು ನನ್ನನ್ನು ಎಬ್ಬಿಸಿ, ಮತ್ತೆ ಬಿಟ್ಟು ಹೋದ."

ಈ ಸಲ ನಾಣಿ ಎಲ್ಲರಿಗಿಂತ ಜೋರಾಗಿ ನಕ್ಕ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಸ್ವಲ್ಪ ಜಾಸ್ತಿ ಹೊತ್ತೇ ಒರೆಸಿಕೊಂಡ ಅನ್ನಿಸಿತು.

"ನಾಟಕ ಯಾವಾಗ ಸುಬ್ಬು?" ಎಂದು ಕೇಳಿದ. ಕೇಳಿದ ರೀತಿ ಬೇರೆಯಾಗಿತ್ತು.

ಸುಬ್ಬುವಿಗೂ ಅದು ತಿಳಿಯಿತು. "ಫೆಬ್ರುವರಿಯಲ್ಲಿ ಮಾಡೋಣ ಅಂತಿದ್ದೀವಿ ಕಣೋ. ನಿಜವಾಗಲೂ. ಮೈಸೂರು ಅಸೋಸಿಯೇಷನ್ ಹಾಲ್ ಕೇಳಿದ್ದೀವಿ."

"ಶೆಟ್ರಿಗೆ ಒಂದು ಪಾತ್ರ ಕೊಡ್ತೀರಾ?"

"ಒಬ್ಬ ದ್ವಾರಪಾಲಕ ಇನ್ನೂ ಸಿಕ್ಕಿಲ್ಲ. ಮಾತೇನೂ ಇಲ್ಲ ಶೆಟ್ರೇ. ಸುಮ್ನೆ ಇರೋದು."

ಶೆಟ್ರು ಎಲ್ಲರ ಬಿಲ್ಲನ್ನೂ ತಮ್ಮ ಕಡೆ ಎಳೆದುಕೊಂಡರು.

"ನಿಲ್ಲುದಾ, ಕೂತ್ಕೊಳ್ಳುದಾ?"

"ನಿಲ್ಲೋದು."

"ಹಾಗಾದ್ರೆ ತೊಂದ್ರೆ ಇಲ್ಲ. ನಿದ್ರೆ ಬರ್ಲಿಕ್ಕಿಲ್ಲ."