6082 ಫೋರ್ಜಿಂಗ್: ಸಿಮ್ಯುಲೇಶನ್‌ನಲ್ಲಿ 400 ಟನ್, ಪ್ರೆಸ್‌ನಲ್ಲಿ 600!

ಹೊಸೂರು ಡೈಮನೆ: ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಫೋರ್ಜಿಂಗ್ ಡೈ (ಬಿಸಿ ಲೋಹ ಒತ್ತಿ ಆಕಾರ ಕೊಡೋ ಅಚ್ಚು) ಡಿಸೈನ್ ಕೆಲಸ ನನ್ನದು. ಬೈಕಿನ ಫುಟ್‌ರೆಸ್ಟ್ ಬ್ರಾಕೆಟ್, 6082 ಅಲ್ಯೂಮಿನಿಯಂ, ಸ್ಕ್ರೂ ಪ್ರೆಸ್. ಬಿಲ್ಲೆಟ್ (ಒತ್ತೋ ಲೋಹದ ತುಂಡು) 470 ಡಿಗ್ರಿ, ಡೈ 200. ಸಿಮ್ಯುಲೇಶನ್ 400 ಟನ್ ಸಾಕು ಅನ್ನುತ್ತೆ, ಲೋಡ್ ಮೀಟರ್ 600 ತೋರಿಸುತ್ತೆ. ಮೆಶ್ (ಲೆಕ್ಕಕ್ಕೆ ಪೀಸ್ ಹಂಚೋ ಬಲೆ) ಸಣ್ಣದು ಮಾಡಿದರೂ ಅಷ್ಟೇ. ಮೆಟೀರಿಯಲ್ ಡೇಟಾ ಸೆಕೆಂಡಿಗೆ 0.01ರಿಂದ 1ರವರೆಗಿನ ಸ್ಟ್ರೇನ್ ರೇಟ್‌ಗೆ, ಅಂದರೆ ಲೋಹದ ಆಕಾರ ಬದಲಾಗೋ (ಸ್ಟ್ರೇನ್) ವೇಗಕ್ಕೆ, ಇದೆ. ಎಲ್ಲಿ ನೋಡಲಿ?

ಕೊಲ್ಹಾಪುರದವ: ಫ್ರಿಕ್ಷನ್ 0.4 ಇಟ್ಟಿದ್ದೀರಾ? 0.7 ಮಾಡಿ ನೋಡ್ರಿ, ಟನ್ ಕೂಡಿಬರುತ್ತೆ.

ಹಳೇ ಸುತ್ತಿಗೆ: ಕೂಡಿಬರುತ್ತೆ, ಆದರೆ ಸುಮ್ನೆ ಹಾಗೆ ಮಾಡಬೇಡಿ. ಟನ್ ಸರಿಹೋಗಿ ಲೋಹ ಹರಿಯೋ ದಾರಿ ತಪ್ಪುತ್ತೆ. ರಿಬ್ ಬುಡದಲ್ಲಿ ಮಡಿಕೆ ಬೀಳೋದು ಪರದೆ ಮೇಲೆ ಒಂದು ಕಡೆ, ಪೀಸ್‌ನಲ್ಲಿ ಇನ್ನೊಂದು ಕಡೆ. ಫ್ರಿಕ್ಷನ್ ಬೇಕಿದ್ದರೆ ರಿಂಗ್ ಒತ್ತಿ ಅಳೆಯಿರಿ, ಡೈಗೆ ಹಚ್ಚೋ ನಿಮ್ಮದೇ ಗ್ರಾಫೈಟ್ ಜಾರುಲೇಪ ಬಳಿದು.

ಡೈಮನೆ ತಮ್ಮಾ, ನೀನು ಹೇಳಿದ ಆ 1 ಇದೆಯಲ್ಲ, ಗುಟ್ಟು ಅಲ್ಲೇ ಇದೆ. ಪ್ರೆಸ್ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಬಂದು 20 ಎಂಎಂ ಎತ್ತರದ ಲೋಹಕ್ಕೆ ಹೊಡೆದರೆ ರೇಟ್ ಆಗಲೇ 25. ಡೇಟಾ 1ಕ್ಕೆ ಮುಗಿದರೆ ಹಲವು ಸಾಫ್ಟ್‌ವೇರ್‌ಗಳು ಕೊನೇ ಗೆರೆಯನ್ನೇ ಮುಂದಕ್ಕೂ ಹಿಡಿದುಕೊಳ್ಳುತ್ತವೆ, ಎಚ್ಚರಿಕೆ ಕೂಡ ಕೊಡಲ್ಲ. ಬಿಸಿ ಅಲ್ಯೂಮಿನಿಯಂ ವೇಗ ಹೆಚ್ಚಿದಷ್ಟೂ ಗಟ್ಟಿಯಾಗಿ ಎದುರು ನಿಲ್ಲುತ್ತೆ. ರೇಟ್‌ನ ಘಾತ 0.12 ಅಂತ ಹಿಡಿದರೆ 25 ಪಟ್ಟು ವೇಗಕ್ಕೆ ಒತ್ತಡ ಸುಮಾರು 1.5 ಪಟ್ಟು. ನಿನ್ನ 400 ಎಲ್ಲಿಗೆ ಹೋಯ್ತು ನೋಡು.

ಹೊಸೂರು ಡೈಮನೆ: ಅಣ್ಣಾ, ನೋಡಿದೆ. 1ರ ಆಚೆ ಗೆರೆ ಪೂರ್ತಿ ಚಪ್ಪಟೆ! ವೇಗ, ಬಿಸಿ ಎರಡನ್ನೂ ಒಟ್ಟಿಗೆ ಹಿಡಿಯೋ ಝೀನರ್–ಹೊಲೊಮನ್ ಸೂತ್ರದಿಂದ 50ರವರೆಗೆ ಎಳೆಯಲಾ?

ಹಳೇ ಸುತ್ತಿಗೆ: ಸದ್ಯಕ್ಕೆ ಎಳಿ. ಕೈಗೆ ಸಿಕ್ಕರೆ 10, 50ರ ಟೆಸ್ಟ್ ಡೇಟಾನೇ ಹಾಕು. ಆದರೆ ಒಂದು ನೆನಪಿಡು. ವೇಗದ ಟೆಸ್ಟ್‌ನಲ್ಲಿ ಪೀಸ್ ತಾನೇ ಬಿಸಿಯಾಗುತ್ತೆ. 100 ಮೆಗಾಪಾಸ್ಕಲ್ ಒತ್ತಡದಲ್ಲಿ ಸ್ಟ್ರೇನ್ 1 ಆಗುವಷ್ಟರಲ್ಲಿ 35 ಡಿಗ್ರಿ ಆಸುಪಾಸು ಏರುತ್ತೆ. ಆ ಮೆತ್ತಗಾಗೋದು ಗೆರೆಯಲ್ಲೇ ಸೇರಿರುತ್ತೆ. ಅದನ್ನು ತಿದ್ದದೆ ಸಾಫ್ಟ್‌ವೇರ್‌ನಲ್ಲೂ ಶಾಖ ಆನ್ ಮಾಡಿದರೆ ಒಂದೇ ಬಿಸಿ ಎರಡು ಸಲ ಲೆಕ್ಕ, ಟನ್ ಮತ್ತೆ ಕಡಿಮೆ ಬರುತ್ತೆ.

ಕೊಲ್ಹಾಪುರದವ: ನಮ್ಮಲ್ಲಿ 7075 ಅಲ್ಯೂಮಿನಿಯಂ ಓಡುತ್ತೆ. ಅದಕ್ಕೂ ಹೀಗೇನಾ?

ಹಳೇ ಸುತ್ತಿಗೆ: ಅದಕ್ಕೆ ಶಾಖದ ಲೆಕ್ಕ ಇನ್ನೂ ಮುಖ್ಯ ರೀ. 477 ಡಿಗ್ರಿಗೇ ಲೋಹದ ಒಳಗೆ ಕರಗೋಕೆ ಶುರುವಾಗಬಹುದು. ಬಿಲ್ಲೆಟ್ 450ಕ್ಕೆ ಇಟ್ಟು ಜೋರಾಗಿ ಹೊಡೆದರೆ ಮೇಲೆ ಹೇಳಿದ 35 ಸೇರಿ ಏನಾಗುತ್ತೆ, ಕೂಡಿ ನೋಡಿ. 410–420ರಲ್ಲಿ ಇಡಿ, ನಿಧಾನದ ಹೈಡ್ರಾಲಿಕ್ ಪ್ರೆಸ್ ಇದ್ದರೆ ಅದರಲ್ಲಿ ಒತ್ತಿ.